ನಾಲ್ಕನೆಯ ಚಕ್ರದ ಗಾಳಿ

ದೀಪ ಕಣ್ಣು ಮಿಟುಕಿಸಲಿಲ್ಲ. ನೆಟ್ಟಗೆ ದಿಟ್ಟಿಸುತ್ತಲೇ ಇತ್ತು.

ಮೈರ್ನಾ ಕೊಸ್ಟ್ಯುಕ್ ಕೀಲಿಯ ಮೇಲಿನ ಕೈ ತೆಗೆಯಲಿಲ್ಲ. ಇಂಜಿನ್ ಆಗಷ್ಟೇ ಎದ್ದಿತ್ತು. ಮೈನಸ್ ಮೂವತ್ತೊಂದರ ಚಳಿಗೆ ಅದರ ಬೆಲ್ಟು ಊರೆಲ್ಲ ಕೇಳುವ ಹಾಗೆ ಕಿರುಚಿ, ಈಗ ಗೊಣಗಾಟಕ್ಕೆ ಇಳಿದಿತ್ತು. ವೇಗದ ಮುಳ್ಳಿನ ಪಕ್ಕಕ್ಕೆ ಅಂಟಿಸಿದ್ದ ಕಪ್ಪು ಟೇಪಿನ ತುಂಡು ಅಂಟು ಹೆಪ್ಪುಗಟ್ಟಿ ಕಳಚಿ ಅವಳ ಮಡಿಲಿಗೆ ಬಿದ್ದಿತ್ತು. ಅದು ಮುಚ್ಚಿದ್ದ ಜಾಗದಲ್ಲಿ ಹಳದಿ ದೀಪ: ಚಪ್ಪಟೆ ತಳದ ಹೂಜಿ, ಹೂಜಿಯೊಳಗೊಂದು ಆಶ್ಚರ್ಯಚಿಹ್ನೆ.

ಕಾರು ತಂಗಿ ಲೆಸ್ಯಾಳದು. ಲೆಸ್ಯಾ ಕಾಣೆಯಾಗಿ ಇವತ್ತಿಗೆ ನಾಲ್ಕನೆಯ ದಿನ.

“ಏನಮ್ಮ, ಟೈರಿನ ದೀಪಾನ ಹುಟ್ಟಿದಾಗಿನಿಂದ ನೋಡೇ ಇಲ್ಲ ಅನ್ನೋ ಹಾಗೆ ನೋಡ್ತಿದೀಯ?” ಪಕ್ಕದ ಸೀಟಿನ ಗಾರ್ನೆಟ್ ಡೆಲೋರ್ಮ್ ಸೂರ್ಯಕಾಂತಿ ಬೀಜದ ಸಿಪ್ಪೆಯನ್ನು ಕಾಗದದ ಲೋಟಕ್ಕೆ ಉಗುಳಿದ. ಊರಿನ ಕೆಟ್ಟು ನಿಂತ ಕಾರುಗಳನ್ನು ತನ್ನ ಟ್ರಕ್ಕಿಗೆ ಕಟ್ಟಿ ಎಳೆಯುವುದು ಅವನ ಕಸುಬು. ಊರಿನವರ ಕಾಲೆಳೆಯುವುದು ಹವ್ಯಾಸ. ಮೈರ್ನಾಳ ಸ್ವಂತ ಕಾರು ಬುಧವಾರವೇ ಕೆಟ್ಟು ಈಗ ಅವನ ಅಂಗಳದಲ್ಲೇ ಮಲಗಿತ್ತು. “ಅಕ್ಟೋಬರ್‌ನಿಂದ ಮೇ ತನಕ ಈ ದೀಪ ಉರೀದೇ ಇರೋ ಒಂದು ಕಾರು ತೋರ್ಸು ಮೆರಿಡನ್‌ನಲ್ಲಿ. ಈ ಗಡ್ಡ ಇಲ್ಲೇ ಬೋಳಿಸ್ತೀನಿ.”

ಅವನ ಗಡ್ಡಕ್ಕೆ ಅಪಾಯವಿರಲಿಲ್ಲ. ಮೊದಲ ಹಿಮ ಬೀಳುವ ಮೊದಲು ಊರಿಗೆ ಊರೇ ಬೇಸಿಗೆಯ ಚಕ್ರ ಕಳಚಿ ಹಿಮದ ಚಕ್ರ ತೊಡಿಸುತ್ತದೆ. ಗಾಳಿ ಎಷ್ಟಿದೆಯೆಂದು ಕಾರಿಗೆ ವರದಿ ಕೊಡುವ ರೇಡಿಯೋ ಗುಂಡಿ ಇರುವುದು ಬೇಸಿಗೆಯ ಚಕ್ರದೊಳಗೆ. ಹಿಮದ ಚಕ್ರಕ್ಕೂ ಇನ್ನೊಂದು ಜೊತೆ ಗುಂಡಿ ಹಾಕಿಸುವಷ್ಟು ಉದಾರಿಗಳು ಅಲ್ಲಿ ಯಾರೂ ಇಲ್ಲ. ಹಾಗಾಗಿ ಕಾರು ಚಳಿಗಾಲವಿಡೀ ತನ್ನ ಚಕ್ರಗಳೆಲ್ಲಿ ಎಂದು ಹಳದಿ ಕಣ್ಣು ಬಿಟ್ಟು ಕೇಳುತ್ತದೆ. ಊರಿನವರು ಆ ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿ ಕೆಲಸಕ್ಕೆ ಹೋಗುತ್ತಾರೆ.

ಲೆಸ್ಯಾ ಕೂಡ ಕಟ್ಟಿದ್ದಳು. ಟೈರ್ ಅಂಗಡಿಯಲ್ಲೇ ಕೆಲಸ ಮಾಡುತ್ತಿದ್ದರೂ ಕಟ್ಟಿದ್ದಳು.

“ಇದು ಮಿಟುಕ್ಲಿಲ್ಲ, ಗಾರ್ನೆಟ್.”

“ಮಿಟುಕದಿದ್ರೆ ನಿನ್ನ ಮೇಲೆ ಮನಸ್ಸಿಲ್ಲ ಅಂತ ತಾನೇ?”

“ಬಾಯಿ ಮುಚ್ಚು. ಲೆಸ್ಯಾ ಹೇಳ್ಕೊಟ್ಟಿದ್ಲು. ಗುಂಡಿಗಳ ಮಾತೇ ಕೇಳಿಸ್ತಿಲ್ಲ ಅಂದ್ರೆ ದೀಪ ಮೊದಲು ಒಂದು ನಿಮಿಷ ಮಿಟುಕಿ ಆಮೇಲೆ ಉರೀತಾನೇ ನಿಲ್ಲುತ್ತೆ. ‘ಮನೇಲಿ ಯಾರೂ ಇಲ್ಲ’ ಅಂತ. ಮಿಟುಕದೇ ನೆಟ್ಟಗೆ ಹತ್ತಿದ್ರೆ ಮಾತು ಕೇಳಿಸ್ತಿದೆ, ಗಾಳಿ ಸಾಲದು ಅಂತ. ‘ಮನೇಲಿದಾರೆ, ಹೊಟ್ಟೆ ಹಸಿದಿದೆ’ ಅಂತ.”

ಗಾರ್ನೆಟ್ ಬೀಜ ಅಗಿಯುವುದನ್ನು ನಿಲ್ಲಿಸಿದ.

ಮೈರ್ನಾ ಸ್ಟಿಯರಿಂಗಿನ ಬಟನ್ ಒತ್ತಿದಳು. ಮೂರು ದಿನದಿಂದ ಓಡಿದ ದೂರವನ್ನಷ್ಟೇ ತೋರಿಸುತ್ತಿದ್ದ ಪುಟ್ಟ ಪರದೆ ಒಂದೊಂದೇ ಪುಟ ಮಗುಚಿ, ಕೊನೆಗೆ ಮೇಲಿನಿಂದ ಕಾಣುವ ಕಾರಿನ ಚಿತ್ರವನ್ನು ತಂದು ನಿಲ್ಲಿಸಿತು. ನಾಲ್ಕು ಮೂಲೆಗೆ ನಾಲ್ಕು ಅಡ್ಡಗೆರೆ ಇರಬೇಕಿತ್ತು. ಗೆರೆಗಳಿರಲಿಲ್ಲ. ಒಂದೊಂದು ಚಕ್ರದ ಗಾಳಿಯ ಒತ್ತಡ ಹೇಳುವ ಅಂಕಿಗಳಿದ್ದವು.

ಮುಂದಿನ ಎಡ ಎರಡು. ಮುಂದಿನ ಬಲ ಮೂರು. ಹಿಂದಿನ ಎಡ ಎರಡು. ಹಿಂದಿನ ಬಲ ಮೂವತ್ತೊಂದು.

“ನಮ್ಮ ಕೆಳಗಿರೋ ಚಕ್ರಗಳಲ್ಲಿ ಗುಂಡಿನೇ ಇಲ್ಲ,” ಅಂದಳು ಮೈರ್ನಾ. “ಹಾಗಾದ್ರೆ ಇದು ಯಾರ ಮಾತು?”

ಇಪ್ಪತ್ತೆರಡು ವರ್ಷ ವಿಮಾ ಕಂಪನಿಯೊಂದಕ್ಕೆ ಅಪಘಾತಗಳ ಸುಳ್ಳು ಬಿಡಿಸಿಕೊಟ್ಟವಳು ಅವಳು. ಪರೀಕ್ಷೆ ಮಾಡದೆ ನಂಬುವ ಅಭ್ಯಾಸವಿರಲಿಲ್ಲ. ಮರದ ಗೋಡೆಯೊಂದರ ಪಕ್ಕ ನಿಂತಿದ್ದ ಕಾರನ್ನು ಹಿಂದಕ್ಕೆ ಸರಿಸಿ, ಟೈರ್ ಅಂಗಡಿಯ ಅಂಗಳ ದಾಟಿ ಇನ್ನೂರು ಹೆಜ್ಜೆ ಆಚೆಯ ಗೇಟಿನ ಬಳಿ ನಿಲ್ಲಿಸಿದಳು. ಆರಿಸಿದಳು. ಮತ್ತೆ ಹಚ್ಚಿದಳು. ದೀಪ ಮಿಟುಕಿತು, ಮಿಟುಕುತ್ತಲೇ ಹೋಯಿತು. ಪರದೆಯಲ್ಲಿ ನಾಲ್ಕು ಅಡ್ಡಗೆರೆ.

ಮರಳಿ ಅದೇ ಗೋಡೆಯ ಪಕ್ಕಕ್ಕೆ ತಂದು ನಿಲ್ಲಿಸಿ, ಆರಿಸಿ, ಹಚ್ಚಿದಳು. ಬೆಲ್ಟು ಕಿರುಚಿತು. ಒಂದು, ಎರಡು, ಮೂರು ಉಸಿರಿನ ಹೊತ್ತು.

ಎರಡು. ಮೂರು. ಎರಡು. ಮೂವತ್ತೊಂದು.

ಇಬ್ಬರೂ ಒಟ್ಟಿಗೆ ಎಡಕ್ಕೆ ತಿರುಗಿದರು. ಕಾರಿನಿಂದ ನಾಲ್ಕು ಮಾರು ದೂರದಲ್ಲಿ ಕಿಟಕಿಯಿಲ್ಲದ ಮರದ ಗೋಡೆ. ಹಿಂದಿನ ಕಾಲದಲ್ಲಿ ಕೆರೆಯ ಮಂಜುಗಡ್ಡೆಯನ್ನು ಕೊಯ್ದು ಬೇಸಿಗೆಯ ತನಕ ಇಡುತ್ತಿದ್ದ ಐಸ್‌ಮನೆ ಅದು. ಎರಡು ಹಲಗೆಗೋಡೆಯ ನಡುವೆ ಎರಡಡಿ ಮರದ ಪುಡಿ ತುಂಬಿದ ಕಟ್ಟಡ. ಈಗ ಅದು ಆರ್ಡೆನ್ ಪೆಲ್ಟಿಯೇಯ ಟೈರ್ ಅಂಗಡಿಯ ಉಗ್ರಾಣ. ಚಳಿಗಾಲಕ್ಕೆ ಗಿರಾಕಿಗಳು ಕಳಚಿಟ್ಟ ಬೇಸಿಗೆಯ ಚಕ್ರಗಳನ್ನೆಲ್ಲ ಅಲ್ಲಿ ಮಲಗಿಸುತ್ತಿದ್ದರು. ಊರಿನವರು ಅದನ್ನು ಟೈರ್ ಹೋಟೆಲ್ ಎನ್ನುತ್ತಿದ್ದರು. ಗಾಳಿ ಬಿಟ್ಟರೆ ಬೇರೇನೂ ಬಡಿಸದ ಹೋಟೆಲ್ ಎಂದು ಗಾರ್ನೆಟ್ ಸೇರಿಸುತ್ತಿದ್ದ.

ಇಂಜಿನ್ ಹೆಪ್ಪುಗಟ್ಟದಂತೆ ಕಾರಿಗೆ ವಿದ್ಯುತ್ ತಂತಿ ಸಿಕ್ಕಿಸುವ ಕಂಬ ಆ ಅಂಗಳದಲ್ಲಿ ಇದ್ದದ್ದು ಒಂದೇ, ಆ ಗೋಡೆಯ ಬುಡದಲ್ಲಿ. ಮೈರ್ನಾ ಆರ್ಡೆನ್‌ನನ್ನು ವಿಚಾರಿಸಲು ಬಂದಾಗಲೆಲ್ಲ ಅಲ್ಲೇ ನಿಲ್ಲಿಸಿದ್ದಳು. ಬುಧವಾರ. ಗುರುವಾರ. ಇವತ್ತು ಬೆಳಿಗ್ಗೆ. ಈಗ.

“ಚಳಿಗೆ ಇಳಿದಿರುತ್ತೆ,” ಗಾರ್ನೆಟ್ ಮೆಲ್ಲಗೆ ಅಂದ. ನಂಬಿ ಹೇಳಿದ್ದಲ್ಲ. “ಚಳಿ ಬಂದ್ರೆ ಟೈರೂ ಸೊರಗುತ್ತೆ, ನನ್ನ ಮಂಡಿ ಥರ.”

“ಚಳಿ ಆಗಿದ್ರೆ ನಾಲ್ಕೂ ಒಟ್ಟಿಗೆ ಸೊರಗ್ಬೇಕು. ಇಲ್ಲಿ ಮೂರು ಸತ್ತಿವೆ, ಒಂದು ಮೈತುಂಬ ಇದೆ. ಮತ್ತೆ ಮಲಗಿರೋ ಚಕ್ರದ ಗುಂಡಿ ನಿದ್ದೆ ಮಾಡ್ತಿರುತ್ತೆ. ಚಕ್ರ ಉರುಳ್ಬೇಕು, ಇಲ್ಲಾ ಗಾಳಿ ಹೋಗ್ಬೇಕು. ಆಗ್ಲೇ ಅದು ಎದ್ದು ಕೂಗೋದು.”

“ಅಂದ್ರೆ…”

ಪರದೆಯ ಮೇಲೆ ಮೂವತ್ತೊಂದು ಮೂವತ್ತಾಯಿತು.

ಮೂವತ್ತು. ಸ್ವಲ್ಪ ಹೊತ್ತು ಏನೂ ಇಲ್ಲ. ಇಪ್ಪತ್ತೊಂಬತ್ತು.

ಮೈರ್ನಾ ಹಾರ್ನ್ ಒತ್ತಿದಳು, ಒಂದೇ ಸಲ. ಕಾದಳು. ಅಂಕಿ ಇಪ್ಪತ್ತೆಂಟಕ್ಕೆ ಬಂತು, ನಿಂತಿತು. ಎರಡು ಸಲ ಒತ್ತಿದಳು. ಇಪ್ಪತ್ತೇಳು. ಇಪ್ಪತ್ತಾರು. ನಿಂತಿತು.

“ಅಯ್ಯೋ ದೇವರೇ,” ಅಂದ ಗಾರ್ನೆಟ್. ಅವನ ಲೋಟ ಕಾಲಡಿಗೆ ಉರುಳಿತು. “ಉತ್ತರ ಕೊಡ್ತಿದಾಳೆ ಕಣೇ.”

ಊರಲ್ಲಿ ನಾಲ್ಕು ದಿನದಿಂದ ಗಾಳಿಸುದ್ದಿಗೆ ಬರವಿರಲಿಲ್ಲ. ಲೆಸ್ಯಾ ಬಸ್ಸು ಹತ್ತಿದಳಂತೆ, ಗೆಳೆಯನ ಜೊತೆ ಹೋದಳಂತೆ. ನಿಜವಾದ ಸುದ್ದಿ ಗಾಳಿಯಲ್ಲೇ ಬಂದಿತ್ತು, ಮೂರು ಸಲ ಬಂದಿತ್ತು. ಓದುವವಳು ಕಣ್ಣಿಗೆ ಟೇಪು ಕಟ್ಟಿಕೊಂಡು ಕೂತಿದ್ದಳು.

ಬುಧವಾರ ಬೆಲ್ಟಿನ ಕಿರುಚಾಟ ಮಾಡಿನ ಗಾಳಿಗಂಡಿಯಿಂದ ಇಳಿದು ಬಂದಾಗ ಒಳಗಿದ್ದವಳು ತನ್ನ ಕಾರಿನ ದನಿ ಗುರುತಿಸಿ ಒಂದು ಚಕ್ರವನ್ನು ಪೂರ್ತಿ ಬರಿದು ಮಾಡಿರಬೇಕು. ಗುರುವಾರ ಎರಡನೆಯದು. ಇವತ್ತು ಬೆಳಿಗ್ಗೆ ಮೂರನೆಯದು. ಪ್ರತಿ ಸಲವೂ ಕಾರು ಬಂದಿತ್ತು, ಕೇಳಿಸಿಕೊಂಡಿತ್ತು, ದೀಪ ಹಚ್ಚಿತ್ತು, ಹೊರಟುಹೋಗಿತ್ತು. ಮೂರನ್ನು ದಿನಕ್ಕೊಂದರಂತೆ ಪೂರ್ತಿ ಕಳೆದುಕೊಂಡವಳು ನಾಲ್ಕನೆಯದನ್ನು ಈಗ ಜಿಪುಣಿಯಂತೆ ಚಿಟಿಕೆ ಚಿಟಿಕೆ ಬಿಡುತ್ತಿದ್ದಳು.

ಮೈರ್ನಾ ಹಾರ್ನಿನಿಂದ ಕೈ ಹಿಂದೆಳೆದಳು. ಇನ್ನೊಂದು ಸಲ ಕೂಗಿದರೆ ಇನ್ನೊಂದು ಚಿಟಿಕೆ ಖರ್ಚು. ಇರುವುದು ಇಪ್ಪತ್ತಾರೇ.

ಅವಳು ಕಾರಿನಿಂದ ಇಳಿದು ಓಡಿ ಗೋಡೆಗೆ ಎರಡೂ ಮುಷ್ಟಿಯಿಂದ ಗುದ್ದಿದಳು. “ಲೆಸ್ಯಾ! ಲೆಸ್ಯಾ!” ಮರದ ಪುಡಿ ಅವಳ ಕೂಗನ್ನು ಹತ್ತಿಯಂತೆ ನುಂಗಿತು. ಮಂಗಳವಾರ ಸಂಜೆ ಠಾಣೆಯ ಸಾರ್ಜೆಂಟ್ ಈ ಬಾಗಿಲಲ್ಲೇ ನಿಂತು ಎರಡು ಸಲ ಹೆಸರು ಕರೆದು, ಎದುರಿಗೆ ಮಾಡು ಮುಟ್ಟುವ ಟೈರುಗಳ ಗೋಡೆ ಬಿಟ್ಟು ಬೇರೇನೂ ಕಾಣದೆ ಹೊರಟಿದ್ದನಂತೆ. ಹಿಂದೆ ಪುಡಿ, ಮುಂದೆ ರಬ್ಬರು. ನಡುವೆ ಒಬ್ಬಳು ಗಂಟಲು ಹರಿದುಕೊಂಡರೂ ಹೊರಗೆ ಬರುವುದು ಮೌನವೇ.

“ಠಾಣೆಗೆ ಫೋನ್ ಮಾಡಿದೆ,” ಗಾರ್ನೆಟ್ ಕಿಟಕಿ ಇಳಿಸಿ ಕೂಗಿದ. ಹೆದರಿದಾಗ ಅವನಿಗೆ ಬೇರೆಯವರ ದನಿಯೇ ಬರುತ್ತಿತ್ತು, ಈಗ ಸಾರ್ಜೆಂಟನ ಮೂಗಿನ ದನಿ ಬಂತು: “‘ನೋಡ್ರಪ್ಪಾ, ಹೆದ್ದಾರೀಲಿ ಹನ್ನೊಂದು ಲಾರಿ ಒಂದರ ಮೇಲೊಂದು ಹತ್ತಿವೆ, ಐವತ್ತು ನಿಮಿಷ ಆಗುತ್ತೆ, ಅಲ್ಲಿ ತನಕ ಏನೂ ಮುಟ್ಟಬೇಡಿ.’ ಅಂತೆ.”

“ನಿನ್ನ ಟ್ರಕ್ಕು ತಂದು ಸರಪಳಿ ಹಾಕಿ ಎಳೆದ್ರೆ?”

“ಓಕ್ ಮರದ ಬಾಗಿಲು ಕಣೇ, ಒಂದಡಿ ದಪ್ಪ. ಟ್ರಕ್ಕು ಮನೇಲಿದೆ, ಹೋಗಿ ಬರೋಕೇ ಮುಕ್ಕಾಲು ಗಂಟೆ.” ಅವನು ಪರದೆ ನೋಡಿದ. “ಇಪ್ಪತ್ತೈದು.”

ಬುಧವಾರದವರೆಗೆ ಚಳಿ ಮೈನಸ್ ಹನ್ನೆರಡರಲ್ಲಿತ್ತು. ಮರದ ಪುಡಿಯ ಗೋಡೆಯೊಳಗೆ, ಅಂಗಡಿಯ ದಪ್ಪ ಕೆಲಸದ ಉಡುಪಿನಲ್ಲಿ, ಗಟ್ಟಿ ಜೀವ ಹೇಗೋ ತಡೆಯಬಹುದು. ಈ ಇಳಿಮಧ್ಯಾಹ್ನಕ್ಕೆ ಮೈನಸ್ ಮೂವತ್ತೊಂದು. ಇನ್ನೆರಡು ಗಂಟೆಗೆ ಸೂರ್ಯ ಮುಳುಗಿದರೆ ಮೈನಸ್ ನಲವತ್ತೆರಡಂತೆ. ಅಷ್ಟು ಚಳಿಯಲ್ಲಿ ಮೊದಲು ಸಾಯುವುದು ಬೆರಳುಗಳು. ಟೈರಿನ ಗಾಳಿ ಬಿಡುವ ಕವಾಟದ ಮುಳ್ಳನ್ನು ಅದುಮಲು ಬೇಕಾದ್ದೂ ಅವೇ.

ಅಂಗಡಿಯ ಬಾಗಿಲು ತೆರೆಯಿತು. ಹಾರ್ನ್ ಕೇಳಿ ಆರ್ಡೆನ್ ಪೆಲ್ಟಿಯೇ ಹೊರಗೆ ಬಂದಿದ್ದ.

ಅರವತ್ತರ ದೊಡ್ಡ ಆಳು. ತುಪ್ಪಳದ ಟೋಪಿ, ಕೈಯಲ್ಲಿ ಹಬೆಯಾಡುವ ಕಾಫಿ ಲೋಟ, ಸೊಂಟದಲ್ಲಿ ಕೀಲಿಗೊಂಚಲು. ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಸಿ ಆಡುವ ಊರಿನ ಕರ್ಲಿಂಗ್ ಕ್ಲಬ್ಬಿನ ಅಧ್ಯಕ್ಷ. ಹಿಮ ಗುಡಿಸಲಾಗದ ವಿಧವೆಯರ ಅಂಗಳವನ್ನು ತಾನಾಗೇ ಹೋಗಿ ಗುಡಿಸಿಕೊಡುವವನು.

“ಏನಮ್ಮಾ ಮೈರ್ನಾ, ಹಾರ್ನ್ ಹೊಡ್ದು ಕರೀಬೇಕಾ? ಒಳಗೆ ಬಂದ್ರೆ ಕಾಫಿ ಕೊಡ್ತಿರ್ಲಿಲ್ವಾ?”

“ಐಸ್‌ಮನೆ ಬಾಗಿಲು ತೆಗೀರಿ.”

“ಯಾಕಮ್ಮ ಮತ್ತೆ? ಸಾರ್ಜೆಂಟು ನೋಡಿದ್ದಾಯ್ತು. ನಾನೂ ನಿನ್ನೆ ಹೋಗಿದ್ದೆ, ಒಬ್ಬ ಗಿರಾಕಿ ಚಕ್ರ ತರೋಕೆ. ಮನಸ್ಸು ತಡೀದೆ ಅವಳ ಹೆಸರು ಹಿಡಿದು ಕೂಗಿದೆ ಕೂಡ.”

“ನಿನ್ನೆ?”

“ನಿನ್ನೆ ಮಧ್ಯಾಹ್ನ.”

ಮೈರ್ನಾ ಐಸ್‌ಮನೆಯ ಬಾಗಿಲಿನ ಬುಡ ನೋಡಿದಳು. ಬುಧವಾರ ರಾತ್ರಿ ಬಿದ್ದ ಹಿಮ ಮೊಣಕಾಲೆತ್ತರಕ್ಕೆ ಹಾಗೇ ಒರಗಿತ್ತು. ಅದರ ಮೇಲೆ ಒಂದು ಮೊಲ ಓಡಾಡಿದ ಗುರುತಿತ್ತು. ಮೊಲ ಬಿಟ್ಟರೆ ಯಾರದೂ ಇಲ್ಲ.

“ಹಾರಿಕೊಂಡು ಹೋದ್ರಾ?”

ಆರ್ಡೆನ್‌ನ ಕಣ್ಣು ಅವಳ ಕಣ್ಣಿನ ಹಿಂದೆಯೇ ಅಲ್ಲಿಗೆ ಹೋಗಿ ಬಂತು. “ಗಾಳಿ ಕಣಮ್ಮ. ಈ ಗಾಳಿಗೆ ಹೆಜ್ಜೆ ನಿಲ್ಲುತ್ತಾ?”

“ಮೊಲದ್ದು ನಿಲ್ಲುತ್ತೆ, ನಿಮ್ಮದು ನಿಲ್ಲಲ್ಲ,” ಕಾರಿನೊಳಗಿಂದ ಗಾರ್ನೆಟ್. “ಮೊಲ ಹೆಚ್ಚು ತೂಕ ಇರ್ಬೇಕು, ಅಧ್ಯಕ್ಷರೇ. ಮೈರ್ನಾ, ಇಪ್ಪತ್ಮೂರು.”

“ಏನದು ಇಪ್ಪತ್ಮೂರು?”

ಮೈರ್ನಾ ಅವನ ಕಡೆ ತಿರುಗಿದಳು. “ಲೆಸ್ಯಾಳ ಬೇಸಿಗೆ ಚಕ್ರಗಳು ಎಲ್ಲಿವೆ?”

“ಅವಳೇ ತಗೊಂಡು ಹೋದ್ಲು. ಸೋಮವಾರ ಸಾಯಂಕಾಲ, ನನ್ನ ಕಣ್ಣೆದುರಿಗೆ.”

“ಜನವರೀಲಿ? ಬೇಸಿಗೆ ಚಕ್ರ?”

“ಮಾರ್ತೀನಿ ಅಂದ್ಲು. ಓಡಿಹೋಗೋರಿಗೆ ದುಡ್ಡು ಬೇಡ್ವಾ? ನಿನ್ನೆದುರಿಗೆ ಹೇಳ್ಬಾರ್ದು ಅಂತಿದ್ದೆ. ಆ ಕ್ವಿನ್ ಜೊತೆ ಮತ್ತೆ ಶುರು ಹಚ್ಕೊಂಡಿದ್ಲು.”

“ಕ್ವಿನ್ ಮೂರು ವಾರದಿಂದ ಉತ್ತರದ ಪೈಪ್‌ಲೈನ್ ಶಿಬಿರದಲ್ಲಿದಾನೆ. ನಿನ್ನೆ ಅವನ ಮೇಸ್ತ್ರಿ ಜೊತೆ ಮಾತಾಡ್ದೆ. ಅವನೂ ಅಳ್ತಿದಾನಂತೆ.” ಮೈರ್ನಾ ಕಾರಿನ ಕಿಟಕಿಯ ಕಡೆಗೆ ತಲೆಯಾಡಿಸಿದಳು. “ಬನ್ನಿ ಇಲ್ಲಿ. ಬಂದು ನೋಡಿ.”

ಅವನು ಬಂದ. ಬಗ್ಗಿದ. ಹಳದಿ ದೀಪ ಅವನ ಕನ್ನಡಕದ ಎರಡೂ ಗಾಜಿನಲ್ಲಿ ಒಂದೊಂದು ಚುಕ್ಕೆಯಾಗಿ ಕೂತಿತು. ನಾಲ್ಕು ಅಂಕಿಗಳನ್ನೂ ಅವನು ಓದಿದ್ದು ಅವಳಿಗೆ ಕಂಡಿತು.

“ಒಳಗೆ ಸಾವಿರದ ನೂರು ಚಕ್ರ ಇವೆಯಮ್ಮ. ಯಾವುದೋ ನಾಲ್ಕರದ್ದು ಕೇಳಿಸ್ತಿರುತ್ತೆ.”

“ಒಂದೊಂದು ಗುಂಡಿಗೂ ಅದರದೇ ಸಂಖ್ಯೆ. ಈ ಕಾರು ತನ್ನ ನಾಲ್ಕರ ಮಾತು ಬಿಟ್ಟು ಬೇರೆ ಯಾರದ್ದೂ ಕೇಳಿಸ್ಕೊಳ್ಳಲ್ಲ. ನಲವತ್ತು ವರ್ಷ ಟೈರ್ ಮಾರಿದವರಿಗೆ ಇದನ್ನ ನಾನು ಹೇಳ್ಕೊಡ್ಬೇಕಾ?”

ಅವನು ನೆಟ್ಟಗಾದ.

“ಅವಳನ್ನ ಅವಳ ಚಕ್ರಗಳ ಪಕ್ಕದಲ್ಲೇ ಹಾಕಿ ಬೀಗ ಜಡಿದ್ರಿ,” ಮೈರ್ನಾ ಅಂದಳು. “ಚಳಿಗಾಲದಲ್ಲಿ ಯಾವ ಕಾರೂ ಆ ಗುಂಡಿಗಳ ಮಾತು ಕೇಳಲ್ಲ, ಯಾವ ಮನುಷ್ಯನೂ ಈ ದೀಪ ನೋಡಲ್ಲ ಅಂತ. ಸರಿಯಾಗೇ ಎಣಿಸಿದ್ರಿ. ನಾನೂ ನೋಡ್ಲಿಲ್ಲ.”

“ನಿನಗೆ ನಿದ್ದೆ ಇಲ್ಲ. ಏನೇನೋ ಮಾತಾಡ್ತಿದೀಯ. ಹೋಗಿ ಮಲ್ಕೋ, ಮಗಳೇ.”

“ಇಪ್ಪತ್ತು,” ಗಾರ್ನೆಟ್ ಅಂದ. ಅವನ ದನಿಯಲ್ಲಿ ಈಗ ಐಸ್ ಹಾಕಿ ಪಂದ್ಯದ ವೀಕ್ಷಕ ವಿವರಣೆಗಾರ ಹೊಕ್ಕಿದ್ದ, ಕೊನೆಯ ನಿಮಿಷ ಎಣಿಸುವವನು: “ಇನ್ನು ಇಪ್ಪತ್ತೇ ಇಪ್ಪತ್ತು, ಮಹನೀಯರೇ, ಕೇವಲ…” ದನಿ ಒಡೆಯಿತು. ತನ್ನ ದನಿಯಲ್ಲೇ, ಸಣ್ಣಗೆ, “ಹತ್ತೊಂಬತ್ತು ಕಣೇ,” ಅಂದ.

ಮೈರ್ನಾ ಆರ್ಡೆನ್‌ನ ತೋಳು ಹಿಡಿದಳು.

“ಬೊಡ್ನಾರ್ ದಂಪತಿ,” ಅಂದಳು.

ಅವನ ತೋಳು ಅವಳ ಕೈಯಡಿಯಲ್ಲಿ ಬಿಗಿಯಿತು.

“ಜೂನ್‌ನಲ್ಲಿ ಸೇತುವೆ ಹತ್ರ ಟೈರ್ ಸಿಡಿದು ಸತ್ತೋದ್ರಲ್ಲ, ಆ ಇಬ್ಬರು. ಆ ಕಡತ ನನ್ನ ಮೇಜಿಗೇ ಬಂದಿತ್ತು. ‘ಚಾಲಕನ ಅವಸರ’ ಅಂತ ಬರೆದು ಮುಚ್ಚಿದ್ದು ನಾನೇ. ಸೋಮವಾರ ರಾತ್ರಿ ಲೆಸ್ಯಾ ಫೋನ್ ಮಾಡಿದ್ಲು. ‘ಅಕ್ಕಾ, ಅವರು ಇಟ್ಟಿದ್ದ ಒಳ್ಳೇ ಟೈರು ಇನ್ನೂ ಇಲ್ಲೇ ಇದೆ. ಅವರಿಗೆ ವಾಪಸ್ ಹೋಗಿದ್ದು ಸವೆದ ಮೇಲೆ ಹೊಸದರ ಹಾಗೆ ಕಾಣ್ಲಿ ಅಂತ ಗೀರು ಕೊರೆದ ಬೇರೆ ಟೈರು. ಬಾ, ತೋರಿಸ್ತೀನಿ’ ಅಂದ್ಲು. ನಾನು ಬುಧವಾರ ಬರ್ತೀನಿ ಅಂದೆ. ಮಂಗಳವಾರ ನನಗೆ ಹಲ್ಲಿನ ಡಾಕ್ಟರ್ ಹತ್ರ ಹೋಗೋದಿತ್ತು.”

ಆ ಕೊನೆಯ ಮಾತನ್ನು ಅವಳು ನಾಲ್ಕು ದಿನದಿಂದ ಯಾರ ಹತ್ತಿರವೂ ಹೇಳಿರಲಿಲ್ಲ.

ಆರ್ಡೆನ್ ಲೋಟದ ಕಾಫಿಯನ್ನು ಹಿಮದ ಮೇಲೆ ಚೆಲ್ಲಿದ. ಅದು ನೆಲ ಮುಟ್ಟುವ ಮೊದಲೇ ಅರ್ಧ ಹೊಗೆಯಾಯಿತು. “ಹೇಳೋಕೇನು, ಯಾರು ಏನು ಬೇಕಾದ್ರೂ ಹೇಳ್ಬಹುದು. ಸಾರ್ಜೆಂಟು ಬರ್ಲಿ. ಅವರು ಹೇಳಿದ್ರೆ ತೆಗೀತೀನಿ.”

“ಸಾರ್ಜೆಂಟು ಬರೋಕೆ ಐವತ್ತು ನಿಮಿಷ.”

“ಬರ್ಲಿ. ನನಗೇನು ಅವಸರ?”

“ಹದಿನೇಳು,” ಅಂದ ಗಾರ್ನೆಟ್.

ಆಗ ಮೈರ್ನಾ ಕೊಸ್ಟ್ಯುಕ್ ತನ್ನ ಜೀವಮಾನದಲ್ಲಿ ಮಾಡದ ಕೆಲಸ ಮಾಡಿದಳು. ಅವನ ತೋಳು ಬಿಟ್ಟು ಹಿಮದ ಮೇಲೆ ಮಂಡಿಯೂರಿದಳು.

“ಆ ಕಡತ ಮುಚ್ಚೇ ಇರ್ಲಿ. ನಾನು ತೆಗಿಯಲ್ಲ. ಅವರ ಟೈರು ಸುಟ್ಟುಹಾಕಿ, ನೋಡ್ಕೊಂಡು ನಿಂತಿರ್ತೀನಿ. ಅವಳು ತಾನಾಗೇ ಒಳಗೆ ಸಿಕ್ಕಿಹಾಕ್ಕೊಂಡ್ಲು, ನಿಮಗೆ ಗೊತ್ತೇ ಇರ್ಲಿಲ್ಲ ಅಂತ ಬರೆದುಕೊಡ್ತೀನಿ, ನನ್ನ ಕೈಯಾರೆ, ನೀವು ಹೇಳಿದ ಹಾಗೆ. ಬೊಡ್ನಾರ್ ಅನ್ನೋರು ಹುಟ್ಟೇ ಇರ್ಲಿಲ್ಲ ಅಂತೀನಿ. ಕೀಲಿ ಕೊಡಿ. ಕೀಲಿ ಒಂದು ಕೊಡಿ ಸಾಕು.”

ಕಾರಿನೊಳಗೆ ಗಾರ್ನೆಟ್ ಮುಖ ಆಚೆ ತಿರುಗಿಸಿಕೊಂಡ. ಬೊಡ್ನಾರ್‌ನ ಹೆಂಡತಿ ಅವನ ಸೋದರತ್ತೆಯ ಮೊಮ್ಮಗಳು. ಮೈರ್ನಾಳಿಗೆ ಅದು ಗೊತ್ತಿತ್ತು. ಅವನ ಎದುರಿಗೇ ಹೇಳಿದ್ದಳು.

ಆರ್ಡೆನ್ ಅವಳನ್ನು ನೋಡುತ್ತ ನಿಂತ. ಗಾಳಿ ಬೀಸಿತು. ವಿದ್ಯುತ್ ಕಂಬದ ತಂತಿ ಟಕ ಟಕ ಎಂದು ಗೋಡೆಗೆ ಬಡಿಯಿತು.

“ಬರೆದುಕೊಡ್ತೀಯಾ?” ಅವನು ಕೇಳಿದ. ಬಹಳ ಮೆಲ್ಲಗೆ.

“ಈಗಲೇ. ಕಾಗದ ಕೊಡಿ.”

ಅವನ ಕೈ ಸೊಂಟದ ಗೊಂಚಲಿನವರೆಗೆ ಹೋಯಿತು. ಬೆರಳು ಕೀಲಿಗಳ ನಡುವೆ ಒಂದನ್ನು ಹುಡುಕಿದ್ದೂ ಅವಳಿಗೆ ಕಂಡಿತು. ಆಮೇಲೆ ಅವನು ಕಾರಿನ ಕಡೆ ನೋಡಿದ, ಗಾರ್ನೆಟ್‌ನ ಕಡೆ. ನೋಡಿ ನಕ್ಕ. ಆ ನಗುವಿನಲ್ಲಿ ಸುಸ್ತಿತ್ತು, ಕ್ರೌರ್ಯವಿರಲಿಲ್ಲ. ಅದರಿಂದಲೇ ಮೈರ್ನಾಳಿಗೆ ಹೆಚ್ಚು ಭಯವಾಯಿತು.

“ಅವನೂ ಬರೆದುಕೊಡ್ತಾನಾ?”

ಗಾರ್ನೆಟ್ ತಲೆಯೆತ್ತಲಿಲ್ಲ. “ಹದಿನಾಲ್ಕು,” ಅಂದ. ಬಳಿಕ, ಹಲ್ಲು ಕಚ್ಚಿ, “ಕೊಡ್ತೀನಿ. ಬರೆದುಕೊಡ್ತೀನಿ. ತೆಗಿಯೋ, ಪಾಪಿ. ತೆಗಿ.”

“ಇಲ್ಲಪ್ಪ,” ಆರ್ಡೆನ್ ತಲೆಯಾಡಿಸಿದ. “ಇಬ್ಬರು ಇಟ್ಕೊಂಡ ಗುಟ್ಟು ಊರಿನ ಆಸ್ತಿ. ನನ್ನ ಅಂಗಡಿ, ಕ್ಲಬ್ಬು, ಮೊಮ್ಮಕ್ಕಳು… ಇಲ್ಲ. ಕೀಲಿ ಸಾರ್ಜೆಂಟಿಗೇ ಕೊಡೋದು. ಐವತ್ತು ನಿಮಿಷ ಅಂದ್ಯಲ್ಲ. ಕಾಯೋಣ. ಕಾರೊಳಗೆ ಕೂತ್ಕೋ, ಮಗಳೇ, ಮಂಡಿ ಹೆಪ್ಪುಗಟ್ಟುತ್ತೆ.”

ಮೈರ್ನಾ ಅವನ ಸೊಂಟಕ್ಕೆ ಎಗರಿದಳು. ಅವನು ಒಂದೇ ಕೈಯಲ್ಲಿ ಅವಳನ್ನು ಬದಿಗೆ ಸರಿಸಿದ, ಬಾಗಿಲಿಗೆ ಅಡ್ಡ ಬಂದ ನಾಯಿಮರಿಯನ್ನು ಸರಿಸುವ ಹಾಗೆ. ಅವಳು ಬಿದ್ದಳು. ಎದ್ದಳು. ಮತ್ತೆ ಹೋದಳು. ಗಾರ್ನೆಟ್ ಕಾರಿನ ಬಾಗಿಲು ತೆರೆದು ಒಂದು ಕಾಲು ಹೊರಗಿಟ್ಟಿದ್ದ.

“ನೀನು ಕೂತ್ಕೋ!” ಮೈರ್ನಾ ಕಿರುಚಿದಳು. “ಅದನ್ನ ನೋಡು! ಅದನ್ನ ಬಿಡ್ಬೇಡ!”

ಅವನು ಒಳಗೆ ಬಗ್ಗಿ ನೋಡಿದ.

“ಹತ್ತು,” ಅಂದ. “ಒಂಬತ್ತು.”

ಆಮೇಲೆ ಬಹಳ ಹೊತ್ತು ಏನೂ ಹೇಳಲಿಲ್ಲ. ಮೈರ್ನಾ ಹಿಮದ ಮೇಲೆ ಕೈಯೂರಿ ಉಸಿರು ಎಳೆದುಕೊಳ್ಳುತ್ತಿದ್ದಳು. ಬೆರಳು ಸೋತಿತೋ? ಅಥವಾ ಬೆರಳಿನ ಹಿಂದಿನ ಜೀವವೇ?

“ಓದು! ಯಾಕೆ ಓದ್ತಿಲ್ಲ?”

“ಹತ್ತು,” ಗಾರ್ನೆಟ್ ಅಂದ.

“ಹತ್ತು ಆಗ್ಲೇ ಓದಿದೆ. ಎಂಟಾ? ಏಳಾ? ಸರಿಯಾಗಿ ಹೇಳು!”

“ಸರಿಯಾಗೇ ಹೇಳ್ತಿದೀನಿ.” ಆ ದನಿ ಯಾರ ಅನುಕರಣೆಯೂ ಆಗಿರಲಿಲ್ಲ. “ಹನ್ನೊಂದು. ಮೈರ್ನಾ… ಏರ್ತಾ ಇದೆ.”

ಆರ್ಡೆನ್ ತಿರುಗಿದ. ಎರಡು ದಾಪುಗಾಲಿಗೆ ಕಾರಿನ ಬಳಿ ಬಂದು ಕಿಟಕಿಯೊಳಗೆ ತಲೆ ಹಾಕಿದ. ಮೈರ್ನಾ ಅವನ ಭುಜದ ಪಕ್ಕದಿಂದ ನುಗ್ಗಿ ನೋಡಿದಳು.

ಹಿಂದಿನ ಬಲ. ಹನ್ನೆರಡು. ಸ್ವಲ್ಪ ತಡೆದು, ಹದಿಮೂರು. ಮತ್ತೆ ತಡೆದು, ಹದಿನಾಲ್ಕು. ಯಂತ್ರದ ಓಟವಲ್ಲ ಅದು. ಯಾರೋ ಕಾಲಿನಿಂದ ತುಳಿದು, ಉಸಿರು ತೆಗೆದುಕೊಂಡು, ಮತ್ತೆ ತುಳಿಯುವ ಲಯ.

“ಅಲ್ಲಿ ಪಂಪ್ ಇಲ್ಲ,” ಆರ್ಡೆನ್ ಅಂದ. ಅವರಿಬ್ಬರಿಗೆ ಹೇಳಿದ್ದಲ್ಲ, ಅಂಕಿಗೆ ಹೇಳಿದ್ದು. “ಕರೆಂಟೂ ಇಲ್ಲ. ಒಂದು ಮೊಳೆ ಸಹ ಬಿಟ್ಟಿಲ್ಲ. ಅವಳ ಹತ್ರ ಪಂಪ್ ಎಲ್ಲಿಂದ ಬರುತ್ತೆ? ಅವಳೊಬ್ಬಳನ್ನೇ ತಾನೇ ನಾನು ಒಳಗೆ…”

ಅವನು ನಿಲ್ಲಿಸಿದ. ತಡವಾಗಿತ್ತು. ಆದರೆ ಆ ಮಾತನ್ನು ಹಿಡಿದು ಅವನ ಕೊರಳಪಟ್ಟಿ ಹಿಡಿಯುವ ಯೋಚನೆ ಮೈರ್ನಾಳಿಗೂ ಬರಲಿಲ್ಲ, ಗಾರ್ನೆಟ್‌ನಿಗೂ ಬರಲಿಲ್ಲ. ಹೊರಗಿನಿಂದ ಬೀಗ. ಬುಧವಾರದಿಂದ ಬಾಗಿಲ ಮುಂದೆ ಯಾರೂ ತುಳಿಯದ ಹಿಮ. ಒಳಗಿರುವವರು ಯಾರೇ ಆಗಲಿ, ಅಷ್ಟು ದಿನದಿಂದಲೂ ಅಲ್ಲೇ ಇದ್ದರು.

“ಹತ್ತೊಂಬತ್ತು,” ಗಾರ್ನೆಟ್ ಪಿಸುಗುಟ್ಟಿದ.

ಆರ್ಡೆನ್ ಪೆಲ್ಟಿಯೇ ಸೊಂಟದ ಗೊಂಚಲು ಬಿಚ್ಚಿದ. ಉದ್ದನೆಯ ಕಪ್ಪು ಕೀಲಿಯೊಂದನ್ನು ಬೇರೆ ಮಾಡಿ ಮೈರ್ನಾಳ ಕೈಗವಸಿನೊಳಕ್ಕೆ ತುರುಕಿದ. ಸ್ವಲ್ಪ ಹೊತ್ತಿನ ಹಿಂದೆ ಅವಳು ಮಂಡಿಯೂರಿ ಬೇಡಿದ್ದ ಅದೇ ಕೀಲಿ. ಆಮೇಲೆ ಐಸ್‌ಮನೆಯ ಬಾಗಿಲಿನಿಂದ ಕಣ್ಣು ಕೀಳದೆ ಎರಡು ಹೆಜ್ಜೆ ಹಿಂದೆ ಸರಿದ. ಮತ್ತೆರಡು.

“ಯಾರಿದಾರೆ ಒಳಗೆ?” ಮೈರ್ನಾ ಕೇಳಿದಳು.

ಅವನು ತುಪ್ಪಳದ ಟೋಪಿ ತೆಗೆದ, ಸಾವಿನ ಮನೆಯ ಮುಂದೆ ತೆಗೆಯುವ ಹಾಗೆ.

“ಬೊಡ್ನಾರ್ ಟೈರೂ ಒಳಗೇ ಇದೆ… ನೀನೇ ತೆಗಿ,” ಅಂದ. “ನಾನು ಬರಲ್ಲ.”